ಗಾಡಿ ನೋಡುವ ಮಾವ

ನೆಂಟರಲ್ಲಿ ಯಾರೇ ಹಳೆಯ ಗಾಡಿ ಕೊಳ್ಳಲಿ, ಮಾವ ಜೊತೆಗಿರಲೇಬೇಕು. ಎರಡು ಲಕ್ಷ ಕಿಲೋಮೀಟರ್ ಓಡಿದ ಎಸ್‌ಯುವಿಯಾದರಂತೂ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ಬಿಸಿಯಿದ್ದರೆ, "ನಾವು ಬರೋಕ್ ಮೊದ್ಲೇ ಸ್ಟಾರ್ಟ್ ಮಾಡಿ ಹೊಗೆನೆಲ್ಲ ಬಿಡಿಸಿಟ್ಟಿದ್ದೀರಾ ಸ್ವಾಮಿ?" ಎಂದು ಮಾರುವವನ ಬೆವರಿಳಿಸುತ್ತಾರೆ. ಎಂಜಿನ್ ಎಣ್ಣೆ ಮೂಸುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಗಾಡಿಯಡಿ ನುಸುಳಿ ತುಕ್ಕು ಹುಡುಕುತ್ತಾರೆ. ಇಂದು ಅವರ ಅಕ್ಕನ ಮಗಳು ತನ್ನ ಮಕ್ಕಳಿಗಾಗಿ ಮೆಚ್ಚಿದ ಗಾಡಿಯಲ್ಲಿ ಅವರಿಗೂ ತಪ್ಪು ಸಿಗಲಿಲ್ಲ, ಹಿಂದಿನ ಸೀಟಿಗೆ ಬರುವವರೆಗೆ. ಅಲ್ಲಿಯ ಬೆಲ್ಟು ಎಷ್ಟು ಜಗ್ಗಿದರೂ ಬಿಗಿಯದೆ ಸಡಿಲವಾಗಿ ಕೈಗೆ ಬಂತು. "ಹೊಸದು ಹಾಕಿಸಿಕೊಟ್ರೆ ಮಾತ್ರ ತಗೋ." "ಅಯ್ಯೋ ಮಾವ, ಹಿಂದೆ ಕೂತೋರು ಯಾರು ಬೆಲ್ಟ್ ಹಾಕ್ಕೊತಾರೆ?" ಎಂದು ಅವಳು ನಕ್ಕಳು. ಮಾವ ಬೆಲ್ಟನ್ನು ಮೆಲ್ಲಗೆ ಒಳಗೆ ಬಿಟ್ಟರು. "ಅವತ್ತು ನಿಮ್ಮತ್ತೇನೂ ಹಾಕ್ಕೊಂಡಿರ್ಲಿಲ್ಲ ಪುಟ್ಟಿ," ಎಂದರು.