ಗಂಗೂ ಅತ್ತೆಯ ಪಡುಬಾಗಿಲು

ನಮ್ಮ ಕಡಲತೀರದ ಹಳೆಯ ಮನೆಗಳನ್ನು ನೋಡಿ. ಎಲ್ಲವೂ ಕಡಲಿಗೆ ಬೆನ್ನು ಹಾಕಿಯೇ ನಿಂತಿರುತ್ತವೆ. ಜಗಲಿ, ತುಳಸಿಕಟ್ಟೆ, ಬಂದವರು ಕೂರುವ ಜಾಗ ಎಲ್ಲ ಮೂಡಣಕ್ಕೆ. ಪಡುವಣಕ್ಕೆ ಬಚ್ಚಲು, ಕಟ್ಟಿಗೆ ರಾಶಿ, ಬೂದಿಗುಂಡಿ. ಗಾಳಿ, ಮರಳು, ಉಪ್ಪು ಬರುವ ದಿಕ್ಕಿಗೆ ಯಾರಾದರೂ ಮುಖ ಕೊಡುತ್ತಾರೆಯೇ ಎಂದು ಹಿರಿಯರು ಕೇಳುತ್ತಿದ್ದರು. ಆ ಮಾತು ನಿಜ. ಆದರೆ ಅದರ ಹಿಂದೆ ಅವರು ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿತ್ತು. ಹೆಂಗಸೊಬ್ಬಳು ಕಡಲಿಗೆ ಮುಖ ಮಾಡಿ ಸುಮ್ಮನೆ ಕೂತಿದ್ದಾಳೆ ಅಂದರೆ, ಆ ಮನೆಯ ಗಂಡಸು ಇನ್ನೂ ದಡಕ್ಕೆ ಬಂದಿಲ್ಲ ಎಂದು ಅರ್ಥ. ಅಂಥ ಹೆಂಗಸನ್ನು ಯಾರೂ ಮಾತಾಡಿಸುವುದಿಲ್ಲ.

ನನ್ನ ಸೋದರತ್ತೆ ಗಂಗೂ ಹಾಗೆ ಕೂತವಳು. ಅವಳ ಗಂಡ ಮಾದೇವ ಮಾವ ಕಾರವಾರದಿಂದ ರತ್ನಾಗಿರಿಗೆ ಹಂಚು ಹೇರಿಕೊಂಡು ಹೋಗುವ ಮಚವೆ ಎಂಬ ಹಾಯಿಹಡಗಿನಲ್ಲಿ ದುಡಿಯುತ್ತಿದ್ದ. ಒಂದು ಸಲ ಹೋದ ಮಚವೆ ತಿರುಗಿ ಬರಲಿಲ್ಲ. ಅತ್ತೆ ಮನೆಯ ಪಡುಬಾಗಿಲ ಮೆಟ್ಟಿಲ ಮೇಲೆ ಊಟ ನಿದ್ದೆ ಬಿಟ್ಟು ಕೂತಳು. ಕೊನೆಗೆ ನಮ್ಮೂರು ಅವರ್ಸಾದಿಂದ ನನ್ನ ಅಪ್ಪ ಬೊಮ್ಮಯ್ಯ ಹೋಗಿ, ತಂಗಿಯನ್ನು ಎತ್ತಿ ಒಳಗೆ ಕೂರಿಸಿ, ಆ ಬಾಗಿಲಿಗೆ ಅಡ್ಡವಾಗಿ ತೆಂಗಿನ ಮಡಲಿನ ತಡಿಕೆ ಕಟ್ಟಿದ. ಇನ್ನು ಈ ಬದಿಗೆ ನೋಡಬೇಡ ಅಂದ. ಅವಳು ನೋಡಲಿಲ್ಲ.

ಅಪ್ಪ ಒಳ್ಳೆಯವನೇ. ಆದರೆ ಅವನ ಒಳ್ಳೆಯತನಕ್ಕೆ ಎದುರು ಮಾತಾಡುವವರು ಇರಬಾರದಿತ್ತು. ಕಾರವಾರದ ಮನೆಗೆ ಬೀಗ ಹಾಕಿ ಅವರ್ಸಾಕ್ಕೆ ಬಂದುಬಿಡು, ನಮ್ಮ ಸಂಗಡ ಇರು ಎಂದು ಪಟ್ಟು ಹಿಡಿದ. ನಮ್ಮ ಸಂಗಡ ಇರುವುದು ಅಂದರೆ ನಾಟಿ, ಕೊಯ್ಲು, ನನ್ನ ಅವ್ವನ ಅಡುಗೆಮನೆಯ ಮೂಲೆ. ಅತ್ತೆಗೆ ಅದು ಗೊತ್ತಿತ್ತು. ಗಂಡ ಕಟ್ಟಿದ ಮನೆಯಲ್ಲೇ ತನ್ನ ಒಲೆ ಉರಿಯಬೇಕು ಅನ್ನುವುದೊಂದೇ ಅವಳ ಆಸೆ. ಮುಂದಿನ ಮಳೆಗಾಲದೊಳಗೆ ತನ್ನ ಹೊಟ್ಟೆ ತಾನು ಹೊರೆದುಕೊಳ್ಳುವ ದಾರಿ ಕಾಣದಿದ್ದರೆ ಅಣ್ಣ ಗಾಡಿ ತರಲಿ, ತಾನು ಹತ್ತುತ್ತೇನೆ ಎಂದು ಮಾತು ಕೊಟ್ಟಳು.

ಅದು ಹುಬ್ಬಳ್ಳಿ ಕಡೆಯಿಂದ ಮೋಟಾರುಗಳು ಘಟ್ಟ ಇಳಿದು ಬರತೊಡಗಿದ್ದ ಕಾಲ, ಮೂವತ್ತರ ದಶಕ. ದೀಪಾವಳಿ ಮುಗಿದರೆ ಹವಾ ಬದಲಿಸಲು ಜನ ಬರುತ್ತಿದ್ದರು. ಸರ್ಕಾರಿ ಬಂಗಲೆ ಚಂದವಿತ್ತು, ಆದರೆ ಸಾಹೇಬರ ಚೀಟಿ ಇಲ್ಲದವರಿಗೆ ಅದರ ಗೇಟೂ ತೆರೆಯುತ್ತಿರಲಿಲ್ಲ. ಪೇಟೆಯಲ್ಲಿ ಹೊಸದಾಗಿ ಒಂದು ಲಾಡ್ಜು ಎದ್ದಿತ್ತು. ಕಲ್ಲುಹಾಸಿನ ಮೇಜು, ನಿಲುಗನ್ನಡಿ, ಗ್ರಾಮೋಫೋನು ಎಲ್ಲ ಇದ್ದು, ದರವೂ ಅದಕ್ಕೆ ತಕ್ಕಂತೆ ಇತ್ತು. ಇವೆರಡರ ನಡುವೆ ಅಚ್ಚುಕಟ್ಟಾದ, ಕೈಗೆಟುಕುವ ಬಿಡಾರ ಹುಡುಕಿಕೊಂಡು ಸಂಸಾರಸ್ಥರು ಪೆಟ್ಟಿಗೆ ಹೊರಿಸಿಕೊಂಡು ಬೀದಿ ಬೀದಿ ಅಲೆಯುತ್ತಿದ್ದರು. ಅತ್ತೆಯ ಮನೆ ಗಾಳಿಮರಗಳ ಸಾಲಿನ ಆಚೆ, ಮರಳಿನ ಅಂಚಿನಲ್ಲೇ ಇತ್ತು. ಎರಡು ಕೋಣೆ ಅವರಿಗೆ ಬಿಟ್ಟುಕೊಟ್ಟು ತಾನು ಅಡುಗೆಮನೆಯಲ್ಲಿ ಮಲಗಿದರಾಯಿತು ಎಂದು ಲೆಕ್ಕ ಹಾಕಿದಳು. ಘಟ್ಟದ ಮೇಲಿನವರು ನಮ್ಮ ಕೈಯಡುಗೆ ಉಣ್ಣುವವರಲ್ಲ. ಅವರಿಗೆಂದು ಬೇರೆ ಒಲೆ ಹೂಡಿ, ಕಟ್ಟಿಗೆ, ಬಾವಿನೀರು, ತೆಂಗಿನಕಾಯಿ ಒದಗಿಸುವುದೆಂದು ಗೊತ್ತುಮಾಡಿದಳು.

ಮನೆಗೆ ಸುಣ್ಣ ಬಳಿದಳು. ನೆಲಕ್ಕೆ ಸೆಗಣಿ ಸಾರಿಸಿದಳು. ಚಿನ್ನದ ಬಳೆ ಮಾರಿ ಎರಡು ಬೆತ್ತದ ಕುರ್ಚಿ ತಂದು ಮೂಡುಜಗಲಿಯಲ್ಲಿ, ರಸ್ತೆಗೂ ಗುಡ್ಡಕ್ಕೂ ಮುಖ ಮಾಡಿ ಇಟ್ಟಳು. ಬಂದವರಿಗೆ ಗಾಳಿ ತಾಗಬಾರದು, ಕಡಲ ಸದ್ದು ಕಿವಿಗೆ ಬೀಳಬಾರದು ಎಂದು ಪಡುಬಾಗಿಲ ತಡಿಕೆಯ ಮೇಲೆ ಇನ್ನೊಂದು ತಡಿಕೆ ಬಿಗಿದಳು. ಇಷ್ಟು ಉಪಚಾರ ಬಂಗಲೆಯಲ್ಲೂ ಇಲ್ಲ ಎಂದು ಅವಳ ನಂಬಿಕೆ.

ಮೋಟಾರು ನಿಲ್ಲುವಲ್ಲಿ ಗಂಟುಮೂಟೆ ಹೊರುವ ಜಟ್ಟು ಜನರನ್ನು ಕರೆತರುತ್ತಿದ್ದ. ಅವರು ಬರುವರು, ಕುರ್ಚಿಯಲ್ಲಿ ಕೂತು ಗುಡ್ಡ ನೋಡುವರು, ಒಬ್ಬರ ಮುಖ ಒಬ್ಬರು ನೋಡುವರು, ಬಾವಿಯ ನೀರು ಕುಡಿದು ಎದ್ದು ಹೋಗುವರು. ಸುಗ್ಗಿ ಹಬ್ಬ ಹತ್ತಿರ ಬಂದರೂ ಒಂದು ಸಂಸಾರವೂ ನಿಲ್ಲಲಿಲ್ಲ.

"ಅಕ್ಕಾ, ಜನಕ್ಕೆ ನಿನ್ನ ಮನೆ ಹಿಡಿಸೂದಿಲ್ಲ. ಎಂತಕ್ಕೆ ಹೇಳಿ ನಂಗೂ ತಿಳಿಯೂದಿಲ್ಲ" ಅಂದ ಜಟ್ಟು.

"ಇನ್ನೊಂದ್ಸಲ ಸುಣ್ಣ ಹೊಡೀತೆ" ಅಂದಳು ಅತ್ತೆ.

ಹೀಗಿರುವಾಗ ಧಾರವಾಡದ ರುಕ್ಮಿಣಿಬಾಯಿ ಗಂಡನ ಸಂಗಡ ಬಂದಳು. ಗಂಡ ಶಾಲೆಯ ಮಾಸ್ತರ, ದೊಡ್ಡ ಜ್ವರದಿಂದ ಎದ್ದವರು. ಕಡಲ ಗಾಳಿ ತಗೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ. ಬಾಯಿ ಆಗಲೇ ಲಾಡ್ಜು ನೋಡಿ ಬಂದಿದ್ದಳು.

"ಅಲ್ಲಿ ಗ್ವಾಡಿಗೊಂದು ಕನ್ನಡಿ ಹಾಕ್ಯಾರ, ಕಿಡಕಿ ಒಂದೂ ಇಲ್ಲ" ಎಂದು ಸೆರಗಿನಿಂದ ಬೆವರು ಒರೆಸಿಕೊಂಡಳು. "ನಿಮ್ಮನಿ ಸ್ವಚ್ಛ ಐತಿ. ದರಾನೂ ಅಡ್ಡಿಯಿಲ್ಲ. ಬಚ್ಚಲ ಎಲ್ಲೈತಿ, ಒಂದೀಟು ನೋಡ್ತೀನಿ."

ಉತ್ತರಕ್ಕೆ ಕಾಯದೆ ಮನೆ ಸುತ್ತಿ ಸೀದಾ ಹಿಂದಕ್ಕೆ ನಡೆದಳು. ಬಚ್ಚಲು ನೋಡಿದಳು, ಕಟ್ಟಿಗೆ ರಾಶಿ ದಾಟಿದಳು. ಅಲ್ಲಿ ನಿಂತವಳು ನಿಂತೇಬಿಟ್ಟಳು. ಅವಳೆದುರು ಇಡೀ ಕೊಲ್ಲಿ, ನಡುಗಡ್ಡೆಗಳು, ಇಳಿಬಿಸಿಲು. ಅತ್ತೆ ಮಾಸ್ತರರಿಗೆ ಬಾವಿನೀರು ಸೇದಿ ಕೊಟ್ಟು ಹಿಂದೆ ಓಡಿಬರುವಷ್ಟರಲ್ಲಿ ಬಾಯಿ ಜಗಲಿಯಿಂದ ಒಂದು ಕುರ್ಚಿ ಎತ್ತಿಕೊಂಡು ಬಂದು, ಬೂದಿಗುಂಡಿಯ ಪಕ್ಕದಲ್ಲಿ ಊರಿ, ಪಡುವಣಕ್ಕೆ ಮುಖ ಮಾಡಿ ಕೂತಿದ್ದಳು.

"ಬಾಯೋರೆ, ಅಲ್ಲಿ ಕೂರೂದು ಬೇಡ" ಅಂದಳು ಅತ್ತೆ.

"ಯಾಕ? ಇದನ್ನ ನೋಡಾಕಂತನ ಮೋಟಾರಿನ್ಯಾಗ ಮೈ ಕೈ ಮುರಕೊಂಡು ಬಂದೀವಿ. ನೀವು ನೋಡಿದ್ರ ಇದನ್ನ ಮನಿ ಹಿಂದ ಮುಚ್ಚಿಟ್ಟೀರಿ."

ಅತ್ತೆ ಕಟ್ಟಿಗೆ ರಾಶಿಗೆ ಒರಗಿ ನಿಂತು ಎಲ್ಲ ಹೇಳಿದಳು. ಮಚವೆಯ ಕತೆ, ಮೆಟ್ಟಿಲ ಕತೆ, ತಡಿಕೆಯ ಕತೆ. ಯಾರಿಗೂ ಹೇಳದ್ದನ್ನು ಗುರುತಿಲ್ಲದ ಹೆಂಗಸಿಗೆ ಹೇಳಿದಳು. ಬಾಯಿ ಕೂಡಲೇ ಎದ್ದು ನಿಂತಳು. "ತಪ್ಪಾತು ಗಂಗವ್ವ, ನನಗ ಗೊತ್ತಿರಲಿಲ್ಲ. ನಾವು ಬ್ಯಾರೆ ಕಡೆ ನೋಡ್ತೀವಿ, ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ" ಎಂದು ಕುರ್ಚಿ ಎತ್ತಿಕೊಂಡಳು.

ಅವರು ಹೋಗಲಿ ಅಂದರೆ ಅತ್ತೆಗೆ ಅವರ್ಸಾದ ಗಾಡಿ. ಇರಲಿ ಅಂದರೆ ಆ ಬಾಗಿಲು ತೆರೆಯಬೇಕು. ಅವಳು ಒಳಗೆ ಹೋಗಿ ಕತ್ತಿ ತಂದಳು. ಅಣ್ಣ ಬಿಗಿದ ಹಗ್ಗ, ತಾನು ಬಿಗಿದ ಹಗ್ಗ ಎರಡನ್ನೂ ಕೊಯ್ದಳು. ತಡಿಕೆ ಬಿತ್ತು, ಗಾಳಿ ಮನೆಯೊಳಗೆ ನುಗ್ಗಿ ಮುಂಬಾಗಿಲಿನಿಂದ ಹೊರಗೆ ಹೋಯಿತು. ಜಗಲಿಯಲ್ಲಿ ಸೋತು ಕೂತಿದ್ದ ಮಾಸ್ತರರು "ಹಾ" ಎಂದು ಉಸಿರು ಬಿಟ್ಟರು.

"ಮಾಸ್ತರನ್ನ ಈ ಬದಿಗೆ ಕರ್ಕಂಡು ಬನ್ನಿ. ಇನ್ನೊಂದು ಕುರ್ಚಿ ನಾ ತರ್ತೆ" ಅಂದಳು ಅತ್ತೆ.

ಅವರು ಸುಗ್ಗಿ ಹಬ್ಬ ಕಳೆಯುವವರೆಗೂ ಇದ್ದರು. ಅಷ್ಟರಲ್ಲಿ ಅತ್ತೆ ಬೂದಿಗುಂಡಿ ಮುಚ್ಚಿದಳು, ಕಟ್ಟಿಗೆಯನ್ನು ಮೂಡುಬದಿಗೆ ಸಾಗಿಸಿದಳು. ಮಧ್ಯಾಹ್ನದ ಬಿಸಿಲು ಮಾಸ್ತರರ ಕಣ್ಣಿಗೆ ಹೊಡೆಯುತ್ತದೆ ಎಂದು ಅಟ್ಟ ಹುಡುಕಿದಾಗ ಮಾವ ಎಂದೋ ತಂದಿಟ್ಟ ಹಳೆಯ ಹಾಯಿಬಟ್ಟೆ ಸಿಕ್ಕಿತು. ಅದನ್ನು ಎದೆಗೆ ಹಿಡಿದು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಒಗೆದು ಒಣಗಿಸಿ ಪಡುಬಾಗಿಲ ಮುಂದೆ ಚಪ್ಪರದ ಹಾಗೆ ಕಟ್ಟಿದಳು. ಬಿಳೀ ಹಾಯಿಯ ನೆರಳು, ಕೆಳಗೆ ಬೆತ್ತದ ಕುರ್ಚಿ, ಎದುರಿಗೆ ಕಡಲು. ಇಂಥ ಶೋಕಿ ಬಂಗಲೆಯಲ್ಲೂ ಇರಲಿಲ್ಲ. ರುಕ್ಮಿಣಿಬಾಯಿ ಊರಿಗೆ ಹೋಗಿ ಯಾರ್ಯಾರಿಗೆ ಹೇಳಿದಳೋ, ಮೋಟಾರಿನಿಂದ ಇಳಿದವರು ಜಟ್ಟುವನ್ನು "ಹಾಯಿಮನೆ ಎಲ್ಲೈತಿ" ಎಂದೇ ಕೇಳತೊಡಗಿದರು.

ಇದಾವುದೂ ಅವರ್ಸಾಕ್ಕೆ ತಿಳಿಯಲಿಲ್ಲ. ಮಳೆ ಹತ್ತಿರ ಬಂತೆಂದು ಅಪ್ಪ ಮಾತಿನಂತೆ ಗಾಡಿ ಕಟ್ಟಿದ. ಸಾಮಾನು ಬಿಗಿಯಲು ಹೊಸ ಹಗ್ಗ ಬೇರೆ ಇಟ್ಟುಕೊಂಡ. ಚೆಂಡಿಯಾದಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಅರ್ಗಾ ದಾಟಿ, ಹೊತ್ತು ಇಳಿಯುವಾಗ ತಂಗಿಯ ಮನೆ ಮುಟ್ಟಿದ. ಮೂಡುಜಗಲಿಯಲ್ಲಿ ಯಾರೂ ಇಲ್ಲ. ಇಳಿದುಕೊಂಡಿದ್ದ ಸಂಸಾರ ಪೇಟೆಗೆ ಹೋಗಿತ್ತು. ಮನೆ ಸುತ್ತಿ ಹಿಂದೆ ಹೋದವನಿಗೆ ಕಂಡದ್ದು ತೆರೆದ ಪಡುಬಾಗಿಲು, ಹಾಯಿಬಟ್ಟೆ, ಕಡಲಿಗೆ ಮುಖ ಮಾಡಿ ಅಲುಗಾಡದೆ ಕೂತ ತಂಗಿ.

ತಂಗಿಗೆ ತಲೆ ಕೆಟ್ಟಿತು, ಸತ್ತವನಿಗಾಗಿ ಮತ್ತೆ ಕಾಯುತ್ತಿದ್ದಾಳೆ ಎಂದುಕೊಂಡ ಅಪ್ಪ. ಮಾತಾಡಿಸಬಾರದೆಂಬ ಪದ್ಧತಿಯನ್ನೂ ಮರೆತು ಓಡಿ ಹೋಗಿ ಅವಳ ಹೆಗಲು ಹಿಡಿದ.

"ಗಂಗೂ, ಯಾರ ದಾರಿ ನೋಡ್ತಾ ಕೂತೀಯೆ ತಂಗಿ?"

ಅತ್ತೆ ತಿರುಗಿ ನೋಡಿದಳು. ಮುಖ ಗೆಲುವಾಗಿತ್ತು.

"ಯಾರದೂ ಅಲ್ಲ ಅಣ್ಣಾ. ಸುಮ್ನೆ ಕೂತೆ. ಚಂದ ಕಾಣ್ತದೆ."

ಅಪ್ಪ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತ. ಹುಟ್ಟಿದ್ದು ಬೆಳೆದಿದ್ದು ಕಡಲ ಬದಿಯಲ್ಲೇ ಆದರೂ ಹೊತ್ತು ಮುಳುಗುವುದನ್ನು ಕೂತು ನೋಡಿದ್ದು ಅವನು ಅದೇ ಮೊದಲಂತೆ. ಮರುದಿನ ಬರಿಗಾಡಿ ಹೊಡೆದುಕೊಂಡು ಊರಿಗೆ ಬಂದ. ಅವ್ವ ಗಾಡಿಯೊಳಗೆ ಇಣುಕಿ, ಎಲ್ಲಿ ನಿಮ್ಮ ತಂಗಿ ಎಂದು ಕೇಳಿದಳು. ಅಪ್ಪ ಹೊಸ ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ, "ಅವಳು ಅವಳ ಮನೇಲಿ ಇದ್ದಾಳೆ. ಮಳೆ ಹೋದ ಮೇಲೆ ಎರಡು ಕುರ್ಚಿ ಕೊಂಡು ಕೊಡೂದು ಅದೆ" ಅಂದ.