ಮಗ್ಗದ ಮೇಲೆ ಎದ್ದುನಿಂತ ಹೆಸರು

ಅಕ್ಷರ ಅಂದರೆ ಕಡಲೆಕಾಳಿನ ಹಾಗೆ ದುಂಡಗಿರಬೇಕು ಎಂದು ನಮ್ಮಜ್ಜ ಮರಳಿನಲ್ಲಿ ತಿದ್ದಿಸುತ್ತಿದ್ದ. ಇಪ್ಪತ್ತು ವರ್ಷ ಶಾಲೆಯ ಬೋರ್ಡಿನ ಮೇಲೆ ನಾನೂ ಹಾಗೇ ಬರೆದವಳು.

ನಮ್ಮ ಶಾಲೆಯ ವೇದಿಕೆಯ ಹಿಂದೆ ಕಟ್ಟುವ ಫ್ಲೆಕ್ಸು ಪ್ರತಿ ವರ್ಷ ಗಾಳಿಗೆ ಹರಿಯುತ್ತಿತ್ತು. ಈ ಸಲ ಜಮಖಾನದಲ್ಲೇ ಹೆಸರು ನೇಯಿಸೋಣವೆಂದು, ಜಮಖಾನಕ್ಕೆ ಹೆಸರಾದ ನವಲಗುಂದಕ್ಕೆ ಹೋದೆ. ಓಣಿಯವರೆಲ್ಲ ಚಾಚಿ ಎಂದು ಕರೆಯುವ ಆ ನೇಕಾರ್ತಿ ನಾಲ್ವತ್ತು ವರ್ಷದಿಂದ ನವಿಲು ನೇಯ್ದವರು; ಕನ್ನಡ ಓದಲು ಬಾರದು. ‘ಸರಕಾರಿ ಹೆಣ್ಣುಮಕ್ಕಳ ಶಾಲೆ’ ಎಂದು ನಾನು ದುಂಡಗೆ ಬರೆದ ಹಾಳೆಯನ್ನು ಮಗ್ಗಕ್ಕೆ ಹಿಡಿದು ನೋಡಿದರು. ದೂರಕ್ಕೆ ಕಾಣುವಷ್ಟು ಎತ್ತರ ಮಾಡಿದರೆ ಅರ್ಧ ಹೆಸರಿಗೇ ಮಗ್ಗದ ಅಗಲ ಮುಗಿಯುತ್ತಿತ್ತು. ಮೇಲಾಗಿ ನೂಲು ಅಡ್ಡ ಹೋಗುತ್ತದೆ, ನೆಟ್ಟಗೆ ಹೋಗುತ್ತದೆ, ಗುಂಡಗೆ ತಿರುಗುವುದಿಲ್ಲ ಎಂದರು.

ಪೇಟೆಯ ಕಂಪ್ಯೂಟರ್ ಅಂಗಡಿಯವನು ಬೇರೆ ನಮೂನೆಯ ಅಕ್ಷರ ತೆಗೆದು ತೋರಿಸಿದ. ಎತ್ತರ, ಇಕ್ಕಟ್ಟು, ಎಲ್ಲ ಗೆರೆಯೂ ಒಂದೇ ದಪ್ಪ, ತುದಿಯಲ್ಲಿ ಬಳುಕಿಲ್ಲ. ಹುಬ್ಬಳ್ಳಿ ಬಸ್ಸಿನಲ್ಲಿ ಭುಜಕ್ಕೆ ಭುಜ ಒತ್ತಿ ನಿಂತವರ ಹಾಗೆ ಕಂಡವು. ಮನಸ್ಸಿಲ್ಲದ ಮನಸ್ಸಿನಿಂದಲೇ ಅವನ್ನು ಗಣಿತದ ಚೌಕುಳಿ ಹಾಳೆಗೆ ಇಳಿಸಿಕೊಂಡು ಹೋದೆ. ಚಾಚಿ ಬೆರಳಿಟ್ಟು ಒಂದೊಂದೇ ಮನೆ ಎಣಿಸಿದರು. ಹೆಸರು ಪೂರ್ತಿ ಕೂಡುತ್ತಿತ್ತು. ಆದರೂ ಮುಖದ ಗಂಟು ಬಿಚ್ಚಲಿಲ್ಲ.

“ನವಿಲು ತಪ್ಪಿದ್ರ ನನಗಷ್ಟ ಗೊತ್ತಾಗತೈತ್ರಿ ಅಕ್ಕೋರ. ಅಕ್ಷರ ತಪ್ಪಿದ್ರ ಊರೇ ಓದಿ ನಗತೈತಿ. ಇದು ಕೆಟ್ಟರ ನಾ ಮತ್ತ ಮಗ್ಗಕ್ಕ ಕೂಡಂಗಿಲ್ಲ ನೋಡ್ರಿ.”

“ಹಂಗಂತ ಎಷ್ಟ ಸಲ ಅಂದೀರಿ, ಮುಂಜಾನೆ ನನಗಿಂತ ಮೊದಲ ಕೂತಿರತೀರಿ,” ಎಂದು ಬಾಜು ಕುಳಿತ ಸೊಸೆ ನಕ್ಕಳು. ಚಾಚಿ ನಗಲಿಲ್ಲ; ಹಾಳೆಯನ್ನು ಮಗ್ಗದ ಪಕ್ಕಕ್ಕೆ ಸಿಕ್ಕಿಸಿದರು.

ಮಗ್ಗದಲ್ಲಿ ನೇಯ್ಗೆ ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ನಾವು ಬರೆಯುವಾಗ ಒಂದಾದ ಮೇಲೆ ಒಂದು ಅಕ್ಷರ. ಅಲ್ಲಿ ಎಲ್ಲವೂ ಕೂಡಿಯೇ ಹುಟ್ಟಬೇಕು. ಮೊದಲ ವಾರ ಕಂಡದ್ದು ಎರಡೇ ಒತ್ತಕ್ಷರ, ಎರಿ ಹೊಲದಲ್ಲಿ ಒಡೆದ ಮೊಳಕೆಯ ಹಾಗೆ. ಮುಂದಿನ ವಾರ ಎಲ್ಲಕ್ಕೂ ಕಾಲು ಮೂಡಿದ್ದವು, ಆಮೇಲೆ ಹೊಟ್ಟೆ. ಹಳದಿ ನೆಲದ ಮೇಲೆ ಕರಿ ಕಂಬಗಳ ಸಾಲು. ಎಲ್ಲಿ ಯಾವ ಅಕ್ಷರವೆಂದು ನನಗೂ ತಿಳಿಯದು. ಓದು ಬಲ್ಲವಳಿಗೂ ಬಾರದವರಿಗೂ ಫರಕೇ ಉಳಿಯಲಿಲ್ಲ.

ಕೊನೆಯ ಸಲ ಹೋದಾಗ ತಲೆಕಟ್ಟು ಮುಗಿದಿದ್ದವು. ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಷ್ಟು ಚಿಕ್ಕ ಕೋಣೆಯಲ್ಲಿ ಆಳೆತ್ತರದ ಅಕ್ಷರಗಳು, ಒಂದೂ ಬಾಗದೆ ನನ್ನನ್ನೇ ಎದುರು ನೋಡುತ್ತಿದ್ದ ಹಾಗಿತ್ತು. ಓದುವ ಮೊದಲೇ ಎದೆಗೆ ಬಡಿದವು. ನಾನು ಒಳಗೆ ಬಾರದ್ದನ್ನು ಕಂಡು ಚಾಚಿ ಮಗ್ಗ ಬಿಟ್ಟು ಎದ್ದರು.

“ತಪ್ಪೈತೇನ್ರಿ? ಬಿಚ್ಚಬೇಕೇನ್ರಿ?”

ನಾನು ಒಳಗೆ ಹೋಗಿ ಒಂದೊಂದು ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಚಾಚಿ ಹಿಂದೆ ಹಿಂದೆಯೇ ಅಂದರು. ‘ಮಕ್ಕಳ’ ಎಂಬುದನ್ನು ಇನ್ನೊಮ್ಮೆ ಓದಿಸಿ, ಅಂಗೈಯಿಂದ ಸವರಿದರು. ಅಂಚು ನಾಲ್ಕು ಬೆರಳು ಉಳಿದಿದೆ ಎಂದು ಸೊಸೆಯನ್ನು ಸರಿಸಿ ಕುಳಿತು, ನೂಲು ಬಡಿಯುವ ಪಂಜಾ ಕೈಗೆತ್ತಿಕೊಂಡರು.