ತುಟಿ ಮಾತ್ರ ಆಡಿಸಿ

ನನಗೆ ಸಿಟ್ಟು ಬರುವುದು ನಿಧಾನ, ಹೋಗುವುದು ಇನ್ನೂ ನಿಧಾನ. ಐವತ್ತರ ದಶಕದಲ್ಲಿ ಕುರ್ಲಾದ ಇಗರ್ಜಿಯೊಂದರ, ಅಂದರೆ ಚರ್ಚಿನ, ಗಾಯನ ಮಾಸ್ತರರ ಮೇಲೆ ಬಂದದ್ದು ಇವತ್ತಿಗೂ ಆರೋಗ್ಯವಾಗಿದೆ.

ಆಗ ನಾನು ವಡಾಲದಲ್ಲಿದ್ದೆ, ಪಟ್ಟಣದ ಕೋಟೆ ಪ್ರದೇಶದ ಆಫೀಸೊಂದರಲ್ಲಿ ಟೈಪಿಸ್ಟು. ಪಕ್ಕದ ಮೇಜಿನ ಲಿಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ. ನಾನು ಮೈಸೂರಿನಲ್ಲಿ ಸಂಗೀತ ಕಲಿತವಳೆಂದು ತಿಳಿದದ್ದೇ ತಡ, "ನಮ್ಮ ಇಗರ್ಜಿಯ ಹಾಡುವ ಮೇಳದಲ್ಲಿ ಹೆಂಗಸರ ಕೆಳದನಿಗೆ ಜನ ಇಲ್ಲ, ಬಾ ಮಾರಾಯ್ತಿ" ಎಂದು ಎಳೆದುಕೊಂಡು ಹೋದಳು. ಅಭ್ಯಾಸವಾದ ಮೇಲೆ ಅವಳ ತಾಯಿ ನೀರುದೋಸೆ ಹಾಕಿ, ಎದುರು ಕೂತು, ನನ್ನಿಂದ ದೇವರನಾಮ ಹೇಳಿಸುತ್ತಿದ್ದರು.

ಕಲಿಯುತ್ತಿದ್ದದ್ದು ಸತ್ತವರಿಗಾಗಿ ಹಾಡುವ ಲ್ಯಾಟಿನ್ ಪೂಜೆ. ನಾಲ್ಕು ಬಗೆಯ ದನಿಗಳು ನಾಲ್ಕು ದಾರಿಯಲ್ಲಿ ಹೊರಟು ಒಂದೆಡೆ ಸೇರುತ್ತವೆ. ನಡುವೆ ದೇವರು ಸಿಟ್ಟಾಗುವ ದಿನದ ವರ್ಣನೆ: ಗಂಡಸರ ದನಿ ಬಂಡೆಯಂತೆ ಉರುಳಿಬರುತ್ತದೆ, ಮೇಲೆ ಹೆಂಗಸರ ದನಿ ಚೀರುತ್ತದೆ. ಆಮೇಲೆ ಎಲ್ಲ ಇಳಿದು, ಕ್ಷಮಿಸು ಎನ್ನುವ ಮೆಲುದನಿ. ನಮ್ಮ ಸಂಗೀತದಲ್ಲಿ ಭಕ್ತನೇ ದೇವರನ್ನು ಬೈಯುತ್ತಾನೆ. ದೇವರು ತಿರುಗಿ ಬೈಯುವುದನ್ನು ನಾನು ಕೇಳಿದ್ದು ಅಲ್ಲೇ.

ಕಷ್ಟವೆಂದರೆ ನನ್ನ ಗಮಕ. ಸ್ವರವನ್ನು ಅಲ್ಲಾಡಿಸದೆ ನಿಲ್ಲಿಸುವುದು ನನಗೆ ಬರಲೇ ಇಲ್ಲ. ಕೈಯಂತೂ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿ ಸಹಿಸುತ್ತಿದ್ದರು.

ಅಷ್ಟರಲ್ಲಿ ಲಿಲ್ಲಿಯ ತಾಯಿ ತೀರಿಕೊಂಡರು. ಅವರಿಗಾಗಿಯೇ ಈ ಪೂಜೆ ಹಾಡುವುದೆಂದಾಯಿತು. ಶುರುವಾಗುವ ಮುಂಚೆ ಮಾಸ್ತರರು ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು: "ಇವತ್ತು ನೀವು ತುಟಿ ಮಾತ್ರ ಆಡಿಸಿ. ದನಿ ಬೇಡ."

ಲಿಲ್ಲಿ ಪಕ್ಕದಲ್ಲೇ ಇದ್ದಳು. ಏನೂ ಅನ್ನಲಿಲ್ಲ. ಅವಳ ಮೇಲೂ ಸಿಟ್ಟು ಬಂತು. ಹೇಳದೆ ಕೇಳದೆ ಹೋದ ಆ ತಾಯಿಯ ಮೇಲಂತೂ ಎಲ್ಲರಿಗಿಂತ ಹೆಚ್ಚು.

ತುಟಿ ಆಡಿಸಿದೆ. ದೇವರ ಸಿಟ್ಟಿನ ಭಾಗ ಬಂತು. ಸಿಟ್ಟು ದೇವರೊಬ್ಬನಿಗೇ ಏಕೆ ಎನ್ನಿಸಿತೋ ಏನೋ, ದನಿ ಹೊರಬಂದೇಬಿಟ್ಟಿತು. ಆಶ್ಚರ್ಯವೆಂದರೆ ಸ್ವರ ನೆಟ್ಟಗೆ, ಗೂಟ ಹೊಡೆದಂತೆ ನಿಂತಿತು. ಮಾಸ್ತರರು ತಿರುಗಿ ನೋಡಿದರು. ಆದರೆ ಕ್ಷಮೆಯ ಭಾಗಕ್ಕೆ ಬರುವ ಹೊತ್ತಿಗೆ ಅಳು ಬಂದು ಲಿಲ್ಲಿಯ ದನಿ ನಿಂತುಹೋಯಿತು. ನಮ್ಮ ಸಾಲಿನಲ್ಲಿ ಕೇಳಿಸುತ್ತಿದ್ದುದು ನನ್ನದೊಂದೇ. ಶವಪೆಟ್ಟಿಗೆ ಕಣ್ಣಿಗೆ ಬಿತ್ತು. ಲ್ಯಾಟಿನ್ನು ದೇವರನಾಮದ ಹಾಗೆ ಬಳುಕಿತು.

ಹೊರಗೆ ಮೆಟ್ಟಿಲ ಮೇಲೆ ಮಾಸ್ತರರು, "ಕೊನೆಯ ಭಾಗ ತಪ್ಪು" ಎಂದರು.

"ತಪ್ಪೇ," ಎಂದೆ. "ತೀರಿಕೊಂಡವರು ನನಗೂ ಬೇಕಾದವರು."

ಲಿಲ್ಲಿ ನನ್ನ ಕೈ ಹಿಡಿದುಕೊಂಡು, "ಮನೆಗೆ ಬಾ" ಎಂದಳಷ್ಟೇ. ಹೋದೆ.

ಸಂಗೀತದ ಲೆಕ್ಕದಲ್ಲಿ ಮಾಸ್ತರರದೇ ಸರಿ, ಅದು ನನಗೆ ಗೊತ್ತು. ಅದರಿಂದ ಸಿಟ್ಟು ಒಂದಿಷ್ಟೂ ಕಡಿಮೆಯಾಗಿಲ್ಲ. ಮುಂದಿನ ವಾರ ಅಭ್ಯಾಸಕ್ಕೆ ಹೋಗಿ ನನ್ನ ಜಾಗದಲ್ಲೇ ನಿಂತೆ. ಮನೆಯಲ್ಲಿ ಕೂತು ಸಿಟ್ಟು ಮಾಡಿಕೊಂಡರೆ ಅವರಿಗೆ ತಿಳಿಯುವುದಾದರೂ ಹೇಗೆ?